ಹುಡುಕಿದರೆ ಸಿಗಬೇಕು, ಬೇಕೆಂದಾಗ ಹೊರಬರಬೇಕು

ಓದಿಗೆ, ಲೆಕ್ಕಕ್ಕೆ, ಕಚೇರಿ ಕೆಲಸಕ್ಕೆ ಯಾವ ಆ್ಯಪ್ ಚಲೋ ಅಂತ ಕೇಳುವವರಿಗೆ ಹಾಕಬೇಕಾದ ಮರುಪ್ರಶ್ನೆ ಒಂದಿದೆ: ನಿಮ್ಮ ಕನ್ನಡ ಯುನಿಕೋಡಿನಲ್ಲಿ, ಅಂದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿಯಲ್ಲಿ ಇದೆಯೋ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದೆಯೋ? ವಿಜಯಪುರದ ಕೋಚಿಂಗ್ ಸೆಂಟರಿನ ನೋಟ್ಸ್ ಇರಲಿ, ಬಾಗಲಕೋಟೆ ನವನಗರದ ಡಿಟಿಪಿ ಅಂಗಡಿಯಲ್ಲಿ ಹೊಡೆಸಿದ ಅರ್ಜಿ ಇರಲಿ, ಬೆಳಗಾವಿಯ ಯಾವುದೋ ಸಹಕಾರಿ ಸಂಘದ ವಾರ್ಷಿಕ ವರದಿ ಇರಲಿ, ಹಳೆಯ ಫೈಲು ತೆರೆದರೆ ಮೇಲುಗಡೆ ಫಾಂಟಿನ ಹೆಸರಿನ ಜಾಗದಲ್ಲಿ ‘ನುಡಿ 01 ಇ’ ಅಂತಲೇ ಇರುತ್ತದೆ. ಪರದೆಯ ಮೇಲೆ ಚೆಂದದ ಕನ್ನಡ. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರದಂತೆ ಕೂಡಿಸಿಟ್ಟ ವ್ಯವಸ್ಥೆ ಅದು. ಯುನಿಕೋಡಿನಲ್ಲಿ ‘ಕ’ ಅಕ್ಷರಕ್ಕೆ 3221 ಎಂಬ ತನ್ನದೇ ಸಂಖ್ಯೆ ಇದೆ. ಹಳೆಯ ಫಾಂಟಿನಲ್ಲಿ ಅಂಥದ್ದಿಲ್ಲ. ಹಾಗಾಗಿ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ಅನುವಾದ ಆಗುವುದಿಲ್ಲ, ಮೊಬೈಲಿಗೆ ಕಳಿಸಿದರೆ ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮುಂದೆ ಹೇಳುವ ಯಾವ ಆ್ಯಪೂ ಅಂಥ ಅಕ್ಷರಗಳ ಮೇಲೆ ನೇರವಾಗಿ ಕೆಲಸ ಮಾಡಲಾರದು.

ಪರೀಕ್ಷೆ ಸುಲಭ. ಒಂದು ಪ್ಯಾರಾ ಆರಿಸಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯುನಿಕೋಡ್. ಚಿತ್ರವಿಚಿತ್ರವಾದರೆ ಹಳೆಯದು, ಪರಿವರ್ತಿಸಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ. ಬ್ರೌಸರಿನಲ್ಲಿ ನಡೆಯುವ ಉಚಿತ ಪರಿವರ್ತಕಗಳೂ ಇವೆ. ಪರಿವರ್ತಿಸಿದ ಮೇಲೆ ಮೂರು ಕಡೆ ಕಣ್ಣಾಡಿಸಲೇಬೇಕು. ಒಂದು, ಅರ್ಕಾವತ್ತು: ‘ಕಾರ್ಯ’, ‘ವರ್ಷ’, ‘ನಿರ್ಣಯ’ ಇಂಥ ಪದಗಳಲ್ಲಿ ರೇಫ ಸರಿದು ಪಕ್ಕದ ಅಕ್ಷರಕ್ಕೆ ಕೂತಿರಬಹುದು. ಎರಡು, ಒತ್ತಿನ ಮೇಲೆ ಒತ್ತು ಬರುವ ‘ರಾಷ್ಟ್ರ’, ‘ಶಾಸ್ತ್ರ’ದಂಥವು. ಮೂರನೆಯದು ಎಲ್ಲಕ್ಕಿಂತ ಕಿರಿಕಿರಿಯದು: ಕನ್ನಡದ ನಡುವೆ ಇಂಗ್ಲಿಷ್‌ನಲ್ಲಿ ಟೈಪಾಗಿದ್ದ ಹೆಸರು, ಇ-ಮೇಲ್ ವಿಳಾಸ. ಪರಿವರ್ತಕ ಫಾಂಟು ನೋಡದೆ ಬರೀ ಅಕ್ಷರ ನೋಡುವುದಾದರೆ ಇವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ. ಅದಕ್ಕೇ ಇಂಗ್ಲಿಷ್ ಭಾಗಗಳನ್ನು ಮೊದಲೇ ಬೇರೆ ಕಡೆ ನಕಲು ಮಾಡಿಟ್ಟುಕೊಂಡು, ಆಮೇಲೆ ಮರಳಿ ಕೂಡಿಸುವುದು ಒಳ್ಳೆಯದು.

ನುಡಿ ಕೀಲಿಮಣೆ ಕೈಗೆ ಕುಳಿತವರು ಅದನ್ನು ಬಿಡಬೇಕಾಗಿಲ್ಲ. ಕೀಲಿಮಣೆ ಬೇರೆ, ಫಾಂಟು ಬೇರೆ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ. ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಮೂಲಕ ಅದೇ ವಿನ್ಯಾಸ ಸಿಗುತ್ತದೆ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ಮೊದಲಿನಿಂದಲೂ ಇದೆ, 2019ರ ಮೇ ಅಪ್‌ಡೇಟಿನಿಂದ ಉಚ್ಚಾರದಂತೆ ಇಂಗ್ಲಿಷ್ ಅಕ್ಷರ ಒತ್ತುವ ಫೊನೆಟಿಕ್ ಕೀಲಿಮಣೆಯೂ ಬಂದಿದೆ. ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಯುನಿಕೋಡಿಗೆ ಬಂದ ಮೇಲೂ ಒಂದು ತೊಡಕು ಉಳಿಯುತ್ತದೆ. ‘ರಾಜ್‌ಕುಮಾರ್’ ಎಂದು ಜ ಮತ್ತು ಕ ಬೇರೆಬೇರೆ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಅದಿಲ್ಲದೆ ಟೈಪ್ ಮಾಡಿದರೆ ‘ರಾಜ್ಕುಮಾರ್’ ಎಂದು ಒತ್ತಾಗುತ್ತದೆ. ಮನುಷ್ಯನಿಗೆ ಎರಡೂ ಒಂದೇ ಹೆಸರು, ಹುಡುಕುವ ಯಂತ್ರಕ್ಕೆ ಎರಡು. ವಿದ್ಯಾರ್ಥಿಗಳ ಪಟ್ಟಿ, ಗಿರಾಕಿಗಳ ಪಟ್ಟಿ ಮಾಡುವವರು ಯಾವುದಾದರೂ ಒಂದು ಪದ್ಧತಿ ಹಿಡಿದು ಅದಕ್ಕೇ ಅಂಟಿಕೊಳ್ಳಬೇಕು. ಹೆಸರು ಸಿಗಲಿಲ್ಲ ಎಂದರೆ ಪೂರ್ತಿ ಟೈಪ್ ಮಾಡದೆ ಮೊದಲ ಅಕ್ಷರವಷ್ಟೇ ಹಾಕಿ ಹುಡುಕಿ ನೋಡಿ.

ಮೊಬೈಲಿನಲ್ಲಿ ಬಹುತೇಕ ಮಂದಿಗೆ ಗೂಗಲ್‌ನ ಕೀಲಿಮಣೆ ಜಿಬೋರ್ಡ್ ಸಾಕು. ಅದರ ಮೈಕ್ ಒತ್ತಿ ಮಾತಾಡಿದರೆ ಕನ್ನಡ ಬರೆಯುತ್ತದೆ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಗೂಗಲ್ ಡಾಕ್ಸ್‌ನ ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಆರಿಸಿ, ಭಾಷೆ ಕನ್ನಡ ಮಾಡಿಕೊಂಡರೂ ಅಷ್ಟೇ. ಆದರೆ ಅದು ಕಲಿತಿರುವುದು ಪುಸ್ತಕದ ಕನ್ನಡ. ‘ಮಾಡಾಕತ್ತೇನಿ’, ‘ಹೊಂಟಾನ’ ಅಂತ ನಮ್ಮ ಬಾಯಲ್ಲಿ ಬಂದದ್ದನ್ನು ಅದು ಹೇಗೆ ಬರೆಯುತ್ತದೆಂದು ನೋಡಿದರೆ ನಗು ಬರುತ್ತದೆ. ‘ಮಾಡುತ್ತಿದ್ದೇನೆ’ ಎಂದು ವಾರ್ತೆ ಓದುವವರ ಹಾಗೆ ಹೇಳಿದರಷ್ಟೇ ಮರ್ಯಾದೆ ಕೊಡುತ್ತದೆ. ‘ಪೂರ್ಣವಿರಾಮ’ ಎಂದು ಹೇಳಿದರೆ ಚುಕ್ಕೆ ಬೀಳುತ್ತದೆಂದು ನಂಬಬೇಡಿ, ಆ ಪದವೇ ಬೀಳುತ್ತದೆ. ಒಂದೊಂದೇ ವಾಕ್ಯ ಹೇಳಿ, ಚುಕ್ಕೆಯನ್ನು ಕೈಯಿಂದ ಹಾಕುವುದೇ ಬೇಗ.

ಮುದ್ರಿತ ಹಾಳೆಯಿಂದ ಅಕ್ಷರ ಎತ್ತಬೇಕಾದರೆ ಗೂಗಲ್ ಡ್ರೈವ್ ಸಾಕು. ಫೋಟೊ ಅಥವಾ ಪಿಡಿಎಫ್ ಅನ್ನು ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಮೇಲೆ ಚಿತ್ರ, ಕೆಳಗೆ ಅಕ್ಷರ ಬರುತ್ತದೆ. ಫೈಲು 2 ಎಂಬಿಗಿಂತ ಚಿಕ್ಕದಿರಬೇಕು, ಪುಟ ನೇರ ನಿಂತಿರಬೇಕು, ನೆರಳು ಬಿದ್ದಿರಬಾರದು. ಪತ್ರಿಕೆಯ ಪುಟವಾದರೆ ಒಂದೊಂದು ಕಾಲಂ ಕತ್ತರಿಸಿ ಬೇರೆಬೇರೆ ಹಾಕಿ; ಇಡೀ ಪುಟ ಹಾಕಿದರೆ ಪಕ್ಕಪಕ್ಕದ ಸುದ್ದಿಯ ಸಾಲುಗಳು ಒಂದರೊಳಗೊಂದು ಸೇರುವುದುಂಟು. ತಪ್ಪು ಎಲ್ಲಿ ಆಗುತ್ತದೆಂದರೆ ಪ, ವ, ಷ ಇಂಥ ಒಂದೇ ಮೈಕಟ್ಟಿನ ಅಕ್ಷರಗಳಲ್ಲಿ, ಮಹಾಪ್ರಾಣದ ಸೀಳಿನಲ್ಲಿ, ಕನ್ನಡ ಅಂಕಿಗಳಲ್ಲಿ. ಕನ್ನಡದ ಸೊನ್ನೆಯೂ ಅನುಸ್ವಾರವೂ ಒಂದೇ ರೂಪದವು. ಇಸವಿಗಳನ್ನು ಮೂಲದೊಂದಿಗೆ ಹೋಲಿಸದೆ ಮುಂದೆ ಹೋಗಬೇಡಿ. ಇದರಲ್ಲಿ ಇನ್ನೊಂದು ಲಾಭವಿದೆ: ನುಡಿ ಫಾಂಟಿನ ಪಿಡಿಎಫ್‌ನಿಂದ ನಕಲು ಮಾಡಿದರೆ ಕಸ ಬರುತ್ತದಲ್ಲ, ಅದರ ಪುಟದ ಸ್ಕ್ರೀನ್‌ಶಾಟ್ ತೆಗೆದು ಈ ದಾರಿಗೆ ಹಾಕಿದರೆ ಯುನಿಕೋಡ್ ಸಿಗುತ್ತದೆ.

ಇನ್ನು ಓದು. ಕೆಎಎಸ್, ಪಿಎಸ್‌ಐ, ಪಿಡಿಒ, ಶಿಕ್ಷಕರ ನೇಮಕಾತಿ ಅಂತ ವಿಜಯಪುರದ ಓದುವ ಕೋಣೆಗಳಲ್ಲಿ ಕೂತವರಿಗೆ ಒಂದೇ ಒಂದು ಆ್ಯಪ್ ಹೇಳು ಎಂದರೆ ಅದು ಆಂಕಿ. 2006ರಲ್ಲಿ ಬಂದ ತಂತ್ರಾಂಶ. ಕಂಪ್ಯೂಟರಿಗೂ ಆಂಡ್ರಾಯ್ಡ್‌ಗೂ ಉಚಿತ, ಐಫೋನಿನದಕ್ಕೆ ಮಾತ್ರ ದುಡ್ಡು. ಆಂಡ್ರಾಯ್ಡ್‌ನಲ್ಲಿ ಅದರ ಹೆಸರು ಆಂಕಿಡ್ರಾಯ್ಡ್. ಇದೇ ಹೆಸರಿನ ನೆರಳಲ್ಲಿ ಚಂದಾ ಕೇಳುವ ಬೇರೆ ಆ್ಯಪ್‌ಗಳಿವೆ, ನೋಡಿ ಇಳಿಸಿಕೊಳ್ಳಿ. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡನ್ನು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಮುಂದಿಡುವುದು ಅದರ ಕೆಲಸ. ಕಲಿತದ್ದು ಮೊದಲ ದಿನಗಳಲ್ಲೇ ರಭಸವಾಗಿ ಮರೆಯುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ಬರೆದಿದ್ದ. ಆಂಕಿ ಆ ಲೆಕ್ಕವನ್ನು ಒಂದೊಂದು ಕಾರ್ಡಿಗೂ ಬೇರೆಬೇರೆ ಇಡುತ್ತದೆ.

ಆಂಕಿ ಹಿಡಿದವರು ಸೋಲುವುದು ಹೆಚ್ಚಾಗಿ ಕಾರ್ಡು ಬರೆಯುವುದರಲ್ಲಿ. ‘ಐಹೊಳೆ ಶಾಸನದ ಬಗ್ಗೆ ತಿಳಿಸಿ’ ಎಂಬ ಕಾರ್ಡು ಮಾಡಿ, ಹಿಂದೆ ಎಂಟು ಸಾಲು ಟಿಪ್ಪಣಿ ಅಂಟಿಸಿದರೆ ಅದು ಕಾರ್ಡಲ್ಲ. ಐದು ಅಂಶ ನೆನಪಾಗಿ ಒಂದು ಮರೆತರೆ ನೆನಪಾಯಿತೆಂಬ ಗುಂಡಿ ಒತ್ತುವುದೋ, ಮರೆತೆನೆಂಬ ಗುಂಡಿ ಒತ್ತುವುದೋ? ಅದನ್ನು ಒಡೆಯಬೇಕು. ಐಹೊಳೆ ಶಾಸನ ರಚಿಸಿದವನು ಯಾರು: ರವಿಕೀರ್ತಿ. ಐಹೊಳೆ ಶಾಸನ ಯಾವ ಇಸವಿಯದು: ಕ್ರಿ.ಶ. 634. ಯಾವ ಗುಡಿಯಲ್ಲಿದೆ: ಮೇಗುತಿ ಜಿನಾಲಯ. ಯಾವ ಭಾಷೆ: ಸಂಸ್ಕೃತ. ಯಾರ ಪ್ರಶಸ್ತಿ: ಇಮ್ಮಡಿ ಪುಲಕೇಶಿ. ಅವನೆದುರು ಸೋತನೆಂದು ಅದರಲ್ಲಿ ಹೇಳಿರುವ ಉತ್ತರದ ದೊರೆ ಯಾರು: ಹರ್ಷ. ಆರು ಕಾರ್ಡು, ಒಂದೊಂದಕ್ಕೂ ಒಂದೇ ಉತ್ತರ. ಇದರ ಜೊತೆ ಏಳನೆಯದೊಂದು ಬೇಕಾಗುತ್ತದೆ, ಯಾಕೆಂದರೆ ಬಾದಾಮಿ ಬಂಡೆ ಶಾಸನದ 543 ಮತ್ತು ಒಂದನೆಯ ಪುಲಕೇಶಿ ಇದರೊಂದಿಗೆ ಕಲಸಿಹೋಗುತ್ತವೆ. ‘543ರ ಬಾದಾಮಿ ಶಾಸನ, 634ರ ಐಹೊಳೆ ಶಾಸನ: ಯಾವುದು ಯಾವ ಪುಲಕೇಶಿಯದು?’ ಎಂದು ಎರಡನ್ನೂ ಎದುರುಬದುರು ನಿಲ್ಲಿಸಿದ ಕಾರ್ಡು ಆ ಗೊಂದಲ ಬಿಡಿಸುತ್ತದೆ. ಮತ್ತೆ ಮತ್ತೆ ಎಂಟು ಸಲ ತಪ್ಪಿದ ಕಾರ್ಡಿಗೆ ಆಂಕಿ ತಾನಾಗಿಯೇ ‘ಲೀಚ್’ ಅಂತ ಗುರುತು ಹಾಕುತ್ತದೆ. ಗುರುತು ಬಿದ್ದ ಕಾರ್ಡನ್ನು ಹಾಗೇ ಬಿಡಬೇಡಿ. ಬಹಳ ಸಲ ಅದು ಇಂಥ ಅವಳಿ ಅಂಶಗಳ ಗೊಂದಲವೇ ಆಗಿರುತ್ತದೆ, ತಿದ್ದಿ ಬರೆಯಿರಿ.

ನೂರಾರು ಕಾರ್ಡನ್ನು ಮೊಬೈಲಿನಲ್ಲಿ ಒಂದೊಂದಾಗಿ ಟೈಪಿಸುವುದು ಬೇಡ. ಗೂಗಲ್ ಶೀಟ್ಸ್‌ನಲ್ಲಿ ಮೊದಲ ಕಾಲಂ ಪ್ರಶ್ನೆ, ಎರಡನೆಯದು ಉತ್ತರ ಎಂದು ಬರೆದು, ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯದ ಫೈಲು) ಆಗಿ ಇಳಿಸಿ, ಕಂಪ್ಯೂಟರಿನ ಆಂಕಿಯಲ್ಲಿ ಫೈಲ್ ಮೆನುವಿನ ಇಂಪೋರ್ಟ್ ಒತ್ತಿ. ಎಕ್ಸೆಲ್ ಬಳಸುವವರು ಉಳಿಸುವಾಗ ಬರೀ ‘ಸಿಎಸ್‌ವಿ’ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಆರಿಸಬೇಕು. ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯ ಸಾಲಾಗುತ್ತದೆ, ಮರಳಿ ಬರುವುದೂ ಇಲ್ಲ. ಇನ್ನೊಂದು: ಆಂಕಿ ಮೊದಲ ಕಾಲಂ ನೋಡಿ ಕಾರ್ಡು ಹೊಸದೋ ಹಳೆಯದೋ ತೀರ್ಮಾನಿಸುತ್ತದೆ. ‘ಯಾವ ಇಸವಿ?’ ಎಂಬ ಒಂದೇ ಪ್ರಶ್ನೆ ಐವತ್ತು ಸಾಲಿನಲ್ಲಿದ್ದರೆ ಅವನ್ನೆಲ್ಲ ಒಂದೇ ಕಾರ್ಡೆಂದು ಅದು ತಿಳಿದೀತು. ಅದಕ್ಕೇ ಮೇಲಿನ ಉದಾಹರಣೆಯಲ್ಲಿ ಇಸವಿ ಕೇಳುವ ಪ್ರಶ್ನೆಯಲ್ಲೂ ‘ಐಹೊಳೆ ಶಾಸನ’ ಎಂದು ಬಿಡಿಸಿ ಬರೆದದ್ದು. ಉಳಿದ ಪ್ರಶ್ನೆಗಳಲ್ಲೂ ಹಾಗೇ ಮಾಡಿ.

ದಿನಕ್ಕೆ ಎಷ್ಟು? ಆಂಕಿ ತಾನಾಗಿ 20 ಹೊಸ ಕಾರ್ಡು ಕೊಡುತ್ತದೆ. ಕೆಲವು ವಾರ ಕಳೆದ ಮೇಲೆ ದಿನದ ಪುನರಾವರ್ತನೆ ಹೊಸ ಕಾರ್ಡಿನ ಏಳರಿಂದ ಹತ್ತು ಪಟ್ಟಿಗೆ ಬಂದು ನಿಲ್ಲುವುದು ರೂಢಿ. ಅಂದರೆ 20ಕ್ಕೆ 140–200. ಮೊದಲ ವಾರದ ಹುರುಪಿನಲ್ಲಿ 50ಕ್ಕೆ ಏರಿಸಿದವರು ಎರಡನೆಯ ತಿಂಗಳಲ್ಲಿ ಆ್ಯಪ್ ತೆರೆಯುವುದನ್ನೇ ಬಿಡುವುದು ಇದಕ್ಕೇ. ಕೈಸಾಲದ ಬಡ್ಡಿಯ ಹಾಗೆ ಬೆಳೆದಿರುತ್ತದೆ. 10 ಇಟ್ಟುಕೊಂಡರೆ ಸುಮಾರು ಕಾಲು ಗಂಟೆಯ ಕೆಲಸ, ಕೋಚಿಂಗಿಗೆ ಹೋಗುವ ಬಸ್ಸಿನಲ್ಲೇ ಮುಗಿಯುತ್ತದೆ. ಹಬ್ಬ, ಜಾತ್ರೆ, ಮದುವೆ ಅಂತ ವಾರ ತಪ್ಪಿ ಬಾಕಿ ಬೆಳೆದಿದ್ದರೆ ಹೊಸ ಕಾರ್ಡನ್ನು ಸೊನ್ನೆಗಿಳಿಸಿ, ದಿನಕ್ಕೆ ನೂರರಂತೆ ಬಾಕಿ ತೀರಿಸಿ. ಪರೀಕ್ಷೆಗೆ ಹದಿನೈದು ದಿನ ಇರುವಾಗಲೂ ಹೊಸದನ್ನು ನಿಲ್ಲಿಸುವುದೇ ಲೇಸು.

ಸೆಟ್ಟಿಂಗ್ಸ್‌ನಲ್ಲಿ ಮುಟ್ಟಬೇಕಾದ್ದು ಒಂದೇ: ಎಫ್‌ಎಸ್‌ಆರ್‌ಎಸ್ ಎಂಬ ಗುಂಡಿ. ಕಾರ್ಡು ಮತ್ತೆ ಯಾವಾಗ ಬರಬೇಕೆಂದು ಎಣಿಸುವ, 2023ರ ಕೊನೆಗೆ ಬಂದ ಹೊಸ ಲೆಕ್ಕಾಚಾರ ಅದು. ನೆನಪಿನ ಗುರಿ 0.90ರಲ್ಲೇ ಇರಲಿ, 0.97 ಮಾಡಿದರೆ ಜಾಣರಾಗುವುದಿಲ್ಲ, ಕೆಲಸ ಹಲವು ಪಟ್ಟು ಏರುತ್ತದೆ ಅಷ್ಟೇ. ತಿಂಗಳಿಗೊಮ್ಮೆ ಆಪ್ಟಿಮೈಸ್ ಒತ್ತಿ. ಉತ್ತರ ಮರೆತಿದ್ದರೆ ‘ಅಗೇನ್’ ಒತ್ತಬೇಕು, ಸಂಕೋಚಪಟ್ಟು ‘ಹಾರ್ಡ್’ ಒತ್ತಬಾರದು. ಹಾರ್ಡ್ ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದು ಆಂಕಿ ತಿಳಿಯುತ್ತದೆ, ಮರೆತ ಕಾರ್ಡಿನ ಅಂತರವನ್ನು ಹಿಗ್ಗಿಸುತ್ತದೆ, ಇಡೀ ಲೆಕ್ಕ ಕೆಡುತ್ತದೆ. ಹೊಸ ಮೊಬೈಲಿಗೆ ಹಾಕಿ ಜಾಲದಲ್ಲಿರುವ ನಿಮ್ಮ ಆಂಕಿ ಖಾತೆಯೊಂದಿಗೆ ಮೊದಲ ಸಲ ಸಿಂಕ್ ಮಾಡುವಾಗ ಅಪ್‌ಲೋಡೋ ಡೌನ್‌ಲೋಡೋ ಎಂದು ಕೇಳಿದರೆ ಡೌನ್‌ಲೋಡ್ ಎನ್ನಿ. ಅಪ್‌ಲೋಡ್ ಎಂದರೆ ಈ ಮೊಬೈಲಿನಲ್ಲಿರುವುದನ್ನೇ ಮೇಲೆ ಕಳಿಸಿ ಅಲ್ಲಿದ್ದುದನ್ನು ಅಳಿಸುತ್ತದೆ. ತಿಂಗಳುಗಟ್ಟಲೆ ಓದಿದ ದಾಖಲೆ ಹೋಗುವುದು ಈ ಒಂದು ಗುಂಡಿಯಲ್ಲೇ.

ಅರ್ಥ ನೋಡಲು ಕನ್ನಡ–ಇಂಗ್ಲಿಷ್ ನಿಘಂಟು ಬೇಕಾದರೆ ಅಲರ್. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕೋಶ. 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಜಾಲಕ್ಕೆ ಬಂತು. ಕರೆಂಟೂ ನೆಟ್ಟೂ ಕೈಕೊಡುವ ಊರಿನಲ್ಲಿರುವವರು ಕಿವಿಕ್ಸ್ ಇಟ್ಟುಕೊಳ್ಳಲಿ. ಕನ್ನಡ ವಿಕಿಪೀಡಿಯವನ್ನು ಒಂದೇ ಫೈಲಾಗಿ ಇಳಿಸಿ ನೆಟ್ಟಿಲ್ಲದೆ ಓದಬಹುದು. ಬೆಳಗಾವಿ ಗಡಿಯಲ್ಲಿ ಕನ್ನಡ–ಮರಾಠಿ ಎರಡೂ ಬೇಕಾಗುವವರು ಗೂಗಲ್ ಟ್ರಾನ್ಸ್‌ಲೇಟ್‌ನ ಎರಡೂ ಭಾಷೆಯ ಆಫ್‌ಲೈನ್ ಕಡತ ಮೊದಲೇ ಇಳಿಸಿಡಬಹುದು. ಏಕಾಗ್ರತೆಗಾಗಿ ಟೈಮರ್ ಆ್ಯಪ್, ಗಿಡ ಬೆಳೆಸುವ ಆ್ಯಪ್ ಯಾವುದೂ ಬೇಡ, ಮೊಬೈಲಿನ ಗಡಿಯಾರದಲ್ಲಿ 25 ನಿಮಿಷ ಇಟ್ಟರೆ ಆಯಿತು.

ಲೆಕ್ಕಕ್ಕೆ ಗೂಗಲ್ ಶೀಟ್ಸ್. ಮುಧೋಳ, ಅಥಣಿ, ಇಂಡಿ ಕಡೆಯ ಕಬ್ಬಿನ ರೈತನಿಗೆ ಇದು ಎಷ್ಟು ಉಪಯೋಗವೆಂದು ನೋಡೋಣ. ಒಂದು ಟ್ರಿಪ್ಪಿಗೆ ಒಂದು ಸಾಲು: ದಿನಾಂಕ, ಗಾಡಿ ನಂಬರು, ಚೀಟಿ ನಂಬರು, ತುಂಬಿದ ತೂಕ, ಖಾಲಿ ತೂಕ, ನಿವ್ವಳ. ದರವನ್ನು ಪ್ರತಿ ಸಾಲಿನಲ್ಲೂ ಬರೆಯಬೇಡಿ, ಮೇಲೆ ಒಂದೇ ಮನೆಯಲ್ಲಿ (ಸೆಲ್) ಇಟ್ಟು ಸೂತ್ರದಲ್ಲಿ ಡಾಲರ್ ಚಿಹ್ನೆ ಹಾಕಿ ಅದಕ್ಕೆ ಕಟ್ಟಿ. ದರ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. 2025–26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಶೇ. 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಕಟಾವು, ಸಾಗಾಣಿಕೆಗೆ ಹಿಡಿದುಕೊಂಡದ್ದಕ್ಕೆ ಬೇರೆ ಕಾಲಂ ಇರಲಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಹಾಗಾಗಿ ದಿನಾಂಕಕ್ಕೆ 14 ಕೂಡಿಸಿದ ಒಂದು ಕಾಲಂ, ಆ ದಿನ ದಾಟಿಯೂ ಜಮಾ ಕಾಲಂ ಖಾಲಿಯಿದ್ದರೆ ಸಾಲು ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್. ತೂಕದ ಚೀಟಿಯ ಶಾಯಿ ಮಾಸುತ್ತದೆ, ಅದರ ಫೋಟೊ ಅಂದೇ ತೆಗೆದು ಚೀಟಿ ನಂಬರನ್ನೇ ಫೈಲಿನ ಹೆಸರು ಮಾಡಿ.

ಈ 14 ದಿನದ ಲೆಕ್ಕ ಕೆಡುವುದು ಒಂದೇ ಕಾರಣಕ್ಕೆ. ಶೀಟಿನ ಲೊಕೇಲ್, ಅಂದರೆ ಅದು ಪಾಲಿಸುವ ದೇಶದ ಪದ್ಧತಿ, ಅಮೆರಿಕದ್ದಾಗಿದ್ದರೆ 05/12 ಎಂದು ಬರೆದದ್ದು ಮೇ 12 ಆಗುತ್ತದೆ. 15/12 ಎಂದರೆ ಹದಿನೈದನೆಯ ತಿಂಗಳಿಲ್ಲವಾದ್ದರಿಂದ ಅದು ದಿನಾಂಕವೇ ಅಲ್ಲ, ಬರೀ ಅಕ್ಷರ. ಗುರುತಿಸುವುದು ಹೀಗೆ: ನಿಜವಾದ ದಿನಾಂಕ ಮನೆಯ ಬಲಕ್ಕೆ ಅಂಟುತ್ತದೆ, ಅಕ್ಷರ ಎಡಕ್ಕೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಇಂಡಿಯಾ ಮಾಡಿ, ಅದೂ ಮೊದಲ ಸಾಲು ಬರೆಯುವ ಮುಂಚೆ. ಬ್ಯಾಂಕ್ ಖಾತೆ ಸಂಖ್ಯೆಯ ಕಾಲಂ ಅನ್ನು ‘ಪ್ಲೇನ್ ಟೆಕ್ಸ್ಟ್’ ಮಾಡದಿದ್ದರೆ ಮುಂದಿನ ಸೊನ್ನೆಗಳು ಹಾರಿಹೋಗುತ್ತವೆ, 15 ಅಂಕಿ ದಾಟಿದ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ.

ಅರ್ಜಿ ಹಾಕುವ ಕಾಲದಲ್ಲಿ ಝೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಲ್ಲುವುದು ಫೋಟೊವನ್ನು 50 ಕೆಬಿಗೆ ಇಳಿಸಲಿಕ್ಕೆ. ಸ್ಕ್ವೂಶ್ ಎಂಬ ಗೂಗಲ್‌ನ ಪುಟವನ್ನು ಬ್ರೌಸರಿನಲ್ಲಿ ತೆರೆದರೆ ಮನೆಯಲ್ಲೇ ಆಗುತ್ತದೆ, ಚಿತ್ರ ಮೊಬೈಲ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಗೊತ್ತಿಲ್ಲದ ಜಾಲತಾಣಕ್ಕೆ ಆಧಾರ್, ಅಂಕಪಟ್ಟಿ ಏರಿಸುವುದಕ್ಕಿಂತ ಇದು ವಾಸಿ. ಮೊದಲು ಚಿತ್ರವನ್ನು 3.5 × 4.5 ಅನುಪಾತಕ್ಕೆ ಕತ್ತರಿಸಿ. ಆಮೇಲೆ ರೀಸೈಜ್‌ನಲ್ಲಿ ಅಗಲ 276, ಎತ್ತರ 354 ಪಿಕ್ಸೆಲ್ ಕೊಡಿ. ಅದು 200 ಡಿಪಿಐಯಲ್ಲಿ ಪಾಸ್‌ಪೋರ್ಟ್ ಫೋಟೊ ಅಳತೆ. ನಂತರ ಮೊಝ್‌ಜೆಪೆಗ್ ಎಂಬ ಜೆಪೆಗ್ ಆಯ್ಕೆ ಆರಿಸಿ, ಗುಣಮಟ್ಟವನ್ನು 75ರಿಂದ ಕೆಳಗೆ ಸರಿಸುತ್ತ ಕೆಳಗಡೆಯ ಕೆಬಿ ನೋಡಿ. ಅಳತೆ ಇಳಿಸದೆ ಗುಣಮಟ್ಟವನ್ನಷ್ಟೇ ಇಳಿಸಿದರೆ ಮುಖ ಚೌಕಚೌಕವಾಗುತ್ತದೆ. ಆ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸಿದರೆ ಅದು ಮತ್ತೆ ಹಿಂಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಹಾಳೆ ಸ್ಕ್ಯಾನ್ ಮಾಡಲು ಬೇರೆ ಆ್ಯಪ್ ಹುಡುಕಬೇಡಿ, ಆಂಡ್ರಾಯ್ಡ್‌ನ ಗೂಗಲ್ ಡ್ರೈವ್‌ನಲ್ಲೇ ಸ್ಕ್ಯಾನ್ ಇದೆ. 2020ರ ಜೂನ್ ಕೊನೆಗೆ ಕೇಂದ್ರ ಸರಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದರಲ್ಲಿ ಕ್ಯಾಮ್‌ಸ್ಕ್ಯಾನರ್ ಕೂಡ ಇತ್ತು. ಪಿಡಿಎಫ್ ಮಾಡಿ ಬೇರೆ ಕಡೆ ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ, ಎಲ್ಲವನ್ನೂ ಆ್ಯಪಿನೊಳಗೇ ಬಿಟ್ಟವರಿಗೆ ಪರದಾಟ. ಟಿಪ್ಪಣಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಸಣ್ಣಪುಟ್ಟದಕ್ಕೆ ಗೂಗಲ್ ಕೀಪ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸುವ ಸಂದೇಶ ಸಾಕು. ವರ್ಷಗಟ್ಟಲೆ ಇಡಬೇಕಾದ ಬರಹಕ್ಕೆ ಒಬ್ಸಿಡಿಯನ್: ಅದರಲ್ಲಿ ಬರೆದದ್ದೆಲ್ಲ ನಿಮ್ಮದೇ ಫೋಲ್ಡರಿನಲ್ಲಿ ಸಾದಾ ಪಠ್ಯದ ಫೈಲಾಗಿ ಕೂತಿರುತ್ತದೆ, ನಾಳೆ ಆ್ಯಪ್ ಮುಚ್ಚಿದರೂ ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಫೈಲಿನ ಹೆಸರನ್ನು ಇಸವಿ, ತಿಂಗಳು, ದಿನ ಈ ಕ್ರಮದಲ್ಲಿ ಶುರುಮಾಡಿದರೆ ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಈಗ ಎಲ್ಲರೂ ಕೇಳುವುದು ಎಐ ಬಗ್ಗೆ. ಓದುವವರಿಗೆ ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ತಕ್ಕದ್ದು, ಯಾಕೆಂದರೆ ನೀವು ಕೊಟ್ಟ ಪಿಡಿಎಫ್‌ನ ಒಳಗಿಂದಲೇ ಉತ್ತರ ಹೇಳಿ, ಯಾವ ಸಾಲಿನಿಂದ ತೆಗೆದೆ ಎಂದೂ ತೋರಿಸುತ್ತದೆ. ಆ ಗುರುತಿನ ಮೇಲೆ ಒತ್ತಿ ಮೂಲ ಸಾಲು ನೋಡದೆ ಯಾವ ಇಸವಿಯನ್ನೂ ಕಾರ್ಡಿಗೆ ಇಳಿಸಬೇಡಿ. ನುಡಿ ಫಾಂಟಿನ ಪಿಡಿಎಫ್ ಹಾಕಿದರೆ ಉತ್ತರ ಅಸಂಬದ್ಧ ಬಂದೀತು. ದೋಷ ಎಐಯದಲ್ಲ, ಅದಕ್ಕೆ ಸಿಕ್ಕಿದ್ದೇ ಆ ಟೋಪಿ-ಚುಕ್ಕೆಯ ಅಕ್ಷರ. ಮೊದಲು ಡ್ರೈವ್‌ನಲ್ಲಿ ಹಾಯಿಸಿ, ಯುನಿಕೋಡ್ ಮಾಡಿ ಕೊಡಿ.

ಕೊನೆಗೆ ನಕಲು ಇಡುವ ಕೆಲಸ. ಗೂಗಲ್ ಕೊಡುವ ಉಚಿತ 15 ಜಿಬಿ ಜಿಮೇಲ್, ಡ್ರೈವ್, ಫೋಟೊಸ್ ಮೂರಕ್ಕೂ ಸೇರಿ. ಫೋಟೊಗಳಿಂದ ಅದು ತುಂಬಿದರೆ ನಿಮಗೆ ಬರುವ ಮೇಲ್ ಕೂಡ ನಿಲ್ಲುತ್ತದೆ, ನೇಮಕಾತಿಯ ಸೂಚನೆಯೂ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಗೂಗಲ್ ಟೇಕ್‌ಔಟ್‌ನಿಂದ ಕೀಪ್ ಮತ್ತು ಡ್ರೈವ್ ಇಳಿಸಿ, ಆಂಕಿಯ ಫೈಲ್ ಮೆನುವಿನಿಂದ ಇಡೀ ಸಂಗ್ರಹ ಎಕ್ಸ್‌ಪೋರ್ಟ್ ಮಾಡಿ, ಒಬ್ಸಿಡಿಯನ್ ಫೋಲ್ಡರನ್ನೂ ಸೇರಿಸಿ ಒಂದು ಪೆನ್‌ಡ್ರೈವಿಗೆ ಹಾಕಿ. ಹಾಕಿದ ಮೇಲೆ ಅದನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ನಾಲ್ಕಾರು ಫೈಲು ತೆರೆದು ಕನ್ನಡ ಕನ್ನಡವಾಗಿಯೇ ಕಾಣುತ್ತದೆಯೇ ಎಂದು ನೋಡಿ.